ಬೂರುಗದ ಮೆತ್ತೆ, ಕಬ್ಬಿಣದ ಕುರ್ಚಿ

ಕುರ್ಚಿಯನ್ನು ಮೂಸಿ ನೋಡುವ ಗಿರಾಕಿಯನ್ನು ಆ ಅಂಗಡಿಯವನು ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ. ನಾನು ಒಂದೊಂದೇ ಕುರ್ಚಿಯ ಮುಂದೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಉಸಿರೆಳೆದುಕೊಂಡು, ಆಮೇಲೆ ಎದ್ದು ನಿಂತು, ಎದೆಯೊಳಗೆ ಸದ್ದೇನಾದರೂ ಏಳುತ್ತದೆಯೇ ಎಂದು ಕಾಯುತ್ತಿದ್ದೆ. ಪಕ್ಕದಲ್ಲಿ ನನ್ನ ಗಂಡ ರಮೇಶ್ ಇನ್ಹೇಲರಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

“ಮೇಡಂ, ಬೈಠ್ ಕೇ ದೇಖಿಯೇ ನಾ,” ಎಂದ ಅಂಗಡಿಯವನು. ಕುರ್ಚಿ ಇರುವುದು ಕೂರಲಿಕ್ಕೆ ಎಂದು ಈ ಹೆಂಗಸಿಗೆ ಯಾರಾದರೂ ತಿಳಿಸಿ ಹೇಳಬಾರದೇ ಎಂಬಂತೆ ರಮೇಶರ ಮುಖ ನೋಡಿದ.

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆ ದಿನ ಬಂದಿರಲಿಲ್ಲ. ಅದಕ್ಕೆ ಮೂರು ವಾರದ ಹಿಂದೆ ನಾನು ನಮ್ಮ ಮನೆಯ ಹಿಂದಿನ ಅಂಗಳದಲ್ಲಿ, ಒಳ್ಳೆಯ ಬಿಸಿಲಿನಲ್ಲಿ, ಬಲು ಮೆತ್ತನೆಯ ಕುರ್ಚಿಯೊಂದರಲ್ಲಿ ಕೂತೇ ಸಾಯುವುದರಲ್ಲಿದ್ದೆ. ಉಬ್ಬಸ ಇರುವವರು, ಇಲ್ಲವೇ ಉಬ್ಬಸ ಇರುವವರ ಜೊತೆ ಬದುಕುವವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದೇ ಮಾತು ಹೇಳಬೇಕೆಂದು ಬರೆಯುತ್ತಿದ್ದೇನೆ. ಆ ದಿನಗಳಲ್ಲಿ ನನಗೆ ಅತಿ ಕಷ್ಟವಾದದ್ದು ಉಸಿರಾಡುವುದಲ್ಲ, ಉಸಿರು ಕಟ್ಟಿಸುತ್ತಿರುವುದು ಯಾವುದು ಎಂದು ಗೊತ್ತಾದ ಮೇಲೂ ಬಾಯಿ ಬಿಟ್ಟು ಹೇಳುವುದು.

ದ್ವಾರಕಾ ಕಡೆಗೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ನಾವಿದ್ದದ್ದು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ನೆಲಮಹಡಿಯಲ್ಲಿ. ರಮೇಶ್ ಕೇಂದ್ರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್, ನಾನು ಮನೆಯಿಂದ ನಡೆದುಹೋಗುವಷ್ಟು ದೂರದ ಇನ್ನೊಂದು ಕಚೇರಿಯಲ್ಲಿ ಗುಮಾಸ್ತೆ. ಮಗಳು ಅನುಷಾಗೆ ಹನ್ನೊಂದು. ಮಾವ ತೀರಿಕೊಂಡ ಮೇಲೆ ಅತ್ತೆ ಚನ್ನರಾಯಪಟ್ಟಣದಿಂದ ಬಂದು ನಮ್ಮ ಜೊತೆಗೇ ಇದ್ದರು.

ಅತ್ತೆಗೆ ಮಡಿ ಬಹಳ. ಡೆಲ್ಲಿಯ ಜನವರಿಯಲ್ಲಿಯೂ ಬೆಳಿಗ್ಗೆ ತಣ್ಣೀರು ಸ್ನಾನ, ಬಚ್ಚಲುಮನೆಯ ಗಳುವಿನ ಮೇಲೆ ಯಾರೂ ಮುಟ್ಟದಂತೆ ಒಣಗಿಸಿದ ಸೀರೆ, ಅಡುಗೆ ಮುಗಿಯುವ ತನಕ ಅವರ ಸುತ್ತ ನಾಲ್ಕು ಮೊಳ ಜಾಗ ಖಾಲಿ. “ದೂರ, ದೂರ, ಮಡೀಲಿದೀನಿ” ಎನ್ನುವುದು ನಮ್ಮ ಮನೆಯ ಬೆಳಗಿನ ಸುಪ್ರಭಾತ. ಊರಿಗೆ ಹೋದಾಗಲೆಲ್ಲ ಕೇಳುತ್ತಿದ್ದ ಆ ಮಾತು ಈಗ ನಿತ್ಯದ್ದಾಗಿತ್ತು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ನಾನು ಅದರ ವಿಷಯಕ್ಕೆ ಒಂದು ದಿನವೂ ಜಗಳವಾಡಿಲ್ಲ, ಆದರೆ ಒಂದು ದಿನವೂ ಒಳಗೊಳಗೇ ಸಿಡುಕದೆ ಇದ್ದದ್ದೂ ಇಲ್ಲ. ಆಫೀಸಿಗೆ ಹೊತ್ತಾಗುತ್ತಿರುವಾಗ ನನ್ನದೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಲೋಟ ನೀರು ಬೇಡಬೇಕಾದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಅತ್ತೆಗೆ ಡೆಲ್ಲಿಯಲ್ಲಿ ಹಿಡಿಸಿದ್ದು ಒಂದೇ ವಸ್ತು: ನಮ್ಮ ಹಿಂದಿನ ಓಣಿಯ ಬೂರುಗದ ಮರ. ಏಪ್ರಿಲಿನಲ್ಲಿ ಅದರ ಕಾಯಿ ಒಡೆದು ಹತ್ತಿ ಗಾಳಿಯಲ್ಲಿ ಹಾರುವಾಗ ಇಲ್ಲಿಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಅತ್ತೆ ಬುಟ್ಟಿ ಹಿಡಿದು ಹೊರಟರು. “ಇಷ್ಟು ಒಳ್ಳೇ ಹತ್ತೀನ ಹೀಗೆ ಬೀದೀಲಿ ಬಿಡ್ತಾರಲ್ಲ, ಎಂಥಾ ಜನಾನೋ” ಎನ್ನುತ್ತಾ ಅನುಷಾಳ ಜೊತೆ ಕಾಯಿ ಆರಿಸಿ ತಂದು, ಹಳೆಯ ಬೆಡ್‌ಶೀಟಿನ ಮೇಲೆ ಒಣಗಿಸಿ, ಕೋಲಿನಿಂದ ಬಡಿದು ಬೀಜ ಬೇರೆ ಮಾಡಿದರು. ಊರಿನಲ್ಲಿ ಬಾಣಂತಿಗೆ, ಮಗುವಿಗೆ, ಅಳಿಯನಿಗೆ ಹಾಸುವುದು ಬೂರುಗದ ಹಾಸಿಗೆಯನ್ನೇ. ಅದೇ ಅಕ್ಕರೆಯಿಂದ, ಅಂಗಳದಲ್ಲಿದ್ದ ನಮ್ಮ ಹಳೆಯ ಬೆತ್ತದ ಕುರ್ಚಿಗಳಿಗೆ ಆರು ಮೆತ್ತೆ ಹೊಲಿದರು. ಕವರಿಗೆ ತಮ್ಮದೇ ಹಳೆಯ ಸೀರೆ. ಬೇಸಿಗೆ ಕಳೆದು ಮಳೆಗಾಲ ಬಂದಾಗ ಆ ಕುರ್ಚಿಗಳೂ ಮೆತ್ತೆಗಳೂ ಹಿಂದಿನ ವರಾಂಡದಲ್ಲಿ ಒಂದರ ಮೇಲೊಂದು ಕೂತವು. ಬೆತ್ತದ ಹೆಣಿಗೆಯ ಸಂದಿಯಲ್ಲಿ ಬೂದುಬಣ್ಣದ ಬೂಷ್ಟು ಕಂಡಾಗ ಒರೆಸಿ ಸುಮ್ಮನಾದೆವು.

ದಸರೆಯ ಹೊತ್ತಿಗೆ ನನಗೆ ಕೆಮ್ಮು ಶುರುವಾಯಿತು. ದೀಪಾವಳಿಯಾದ ಮೇಲೆ ಎದೆಯಲ್ಲಿ ಬೆಕ್ಕಿನ ಮರಿ ಕೂತ ಹಾಗೆ ಸದ್ದು. ಡಿಸ್ಪೆನ್ಸರಿಯ ಡಾಕ್ಟರು ಆಸ್ತಮಾ ಎಂದರು, ಇನ್ಹೇಲರ್ ಬರೆದುಕೊಟ್ಟರು. ಮೂವತ್ತೆಂಟು ವರ್ಷ ಇಲ್ಲದ್ದು ಈಗ ಹೇಗೆ ಬಂತು ಎಂದು ಕೇಳಿದ್ದಕ್ಕೆ ಕಿಟಕಿಯ ಕಡೆ ಕೈ ತೋರಿಸಿದರು. ಎಲ್ಲರೂ ಕಿಟಕಿಯ ಕಡೆಗೇ ಕೈ ತೋರಿಸಿದರು. ಊರಿಂದ ಫೋನ್ ಮಾಡಿದವರು, ಆಫೀಸಿನವರು, ಆಟೋದವನು, ಎಲ್ಲರಿಗೂ ಡೆಲ್ಲಿಯ ಹವಾ ಎಂದರೆ ಮುಗಿಯಿತು. ರಮೇಶ್ ಬೆಂಗಳೂರಿಗೆ ವರ್ಗ ಕೇಳಿ ಅರ್ಜಿ ಬರೆದು ಡ್ರಾಯರಿನಲ್ಲಿಟ್ಟರು. “ಈ ಚಳಿಗಾಲ ನೋಡೋಣ ವಸು. ಆಗ್ಲಿಲ್ಲ ಅಂದ್ರೆ ಹೊರಟುಬಿಡೋಣ,” ಎಂದರು. ನನ್ನ ಕೆಲಸಕ್ಕೆ ವರ್ಗವಿರಲಿಲ್ಲ. ಹೊರಡುವುದೆಂದರೆ ನಾನು ರಾಜೀನಾಮೆ ಕೊಡುವುದು ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

ಮನೆಯೊಳಗಿನ ಧೂಳೆಲ್ಲ ತೆಗೆದೆವು. ಜಮಖಾನೆ ಹೋಯಿತು, ದಪ್ಪ ಪರದೆ ಹೋಯಿತು, ಅನುಷಾಳ ಗೊಂಬೆಕರಡಿ ಅಳುವಿನ ಜೊತೆ ಅಟ್ಟ ಸೇರಿತು. ಒಳಗೆ ಇರಬೇಡಿ, ಮಧ್ಯಾಹ್ನ ಹೊರಗೆ ಬಿಸಿಲಿಗೆ ಕೂರಿ ಎಂದು ಡಾಕ್ಟರು ಹೇಳಿದ್ದರು. ಡೆಲ್ಲಿಯ ಚಳಿಗಾಲದಲ್ಲಿ ಅದು ಔಷಧಿಯೇನೂ ಅಲ್ಲ, ಎಲ್ಲರ ಬದುಕೇ ಹಾಗೆ. ಮಂಜು ಕರಗಿದ ಕೂಡಲೇ ಇಡೀ ಕಾಲೊನಿ ಹಗ್ಗದ ಮಂಚ, ಕುರ್ಚಿ ಹೊತ್ತುಕೊಂಡು ಹೊರಗೆ ಬಂದು, ಕಡಲೆಕಾಯಿ ಸುಲಿಯುತ್ತಾ ಕಿತ್ತಳೆ ತಿನ್ನುತ್ತಾ ಬಿಸಿಲು ಕಾಯಿಸುತ್ತದೆ. ನಾನೂ ಭಾನುವಾರ ಪೂರ್ತಿ, ರಜೆ ಹಾಕಿದ ದಿನ ಪೂರ್ತಿ, ಬೆತ್ತದ ಕುರ್ಚಿಯಲ್ಲಿ ಕೂತೆ. ಉಬ್ಬಸ ಹೆಚ್ಚಾಯಿತು. ಹೆಚ್ಚಾಯಿತೆಂದು ಇನ್ನಷ್ಟು ಹೊತ್ತು ಕೂತೆ. ನಾನು ಸೊರಗಿದಷ್ಟೂ ಅತ್ತೆ ಬೆನ್ನಿಗೊಂದು ಮೆತ್ತೆ, ಪಕ್ಕಕ್ಕೊಂದು ಮೆತ್ತೆ ಸೇರಿಸುತ್ತಾ ಹೋದರು.

ಜನವರಿಯ ಆ ಭಾನುವಾರ ರಮೇಶ್ ತರಕಾರಿಗೆ ಹೋಗಿದ್ದರು. ಅನುಷಾ ಮೆಟ್ಟಿಲ ಮೇಲೆ ಹೋಂವರ್ಕ್ ಮಾಡುತ್ತಿದ್ದಳು. ಅತ್ತೆ ಆಗ ತಾನೇ ಸ್ನಾನ ಮುಗಿಸಿ ಮಡಿಯಲ್ಲಿ ಒಲೆ ಹಚ್ಚಿದ್ದರು. ಸ್ನಾನಕ್ಕೆ ಹೋಗುವ ಮೊದಲು ಒಂದು ಮೆತ್ತೆಯನ್ನು ಎರಡೂ ಕೈಯಿಂದ ಪಟಪಟನೆ ಬಡಿದು ಉಬ್ಬಿಸಿ ನನ್ನ ಬೆನ್ನಿಗೆ ಕೊಟ್ಟಿದ್ದರು. ಬಿಸಿಲಿನಲ್ಲಿ ಅದರ ಎಳೆಗಳು ಹಾರಾಡಿದ್ದು ನೆನಪಿದೆ. ಚೆನ್ನಾಗಿದೆ ಎಂದುಕೊಂಡೆ.

ಮೊದಲು ಗಂಟಲು ತುರಿಸಿತು. ಆಮೇಲೆ ಉಸಿರು ಒಳಗೆ ಹೋಗುವುದು ಹೋಯಿತು, ಹೊರಗೆ ಬರಲಿಲ್ಲ. ಇನ್ಹೇಲರ್ ಒತ್ತಿದೆ, ಮತ್ತೆ ಒತ್ತಿದೆ, ಏನೂ ಆಗಲಿಲ್ಲ. ಮಗಳನ್ನು ಕರೆಯಲು ಹೋದರೆ ದನಿಯೇ ಇಲ್ಲ. ಪಕ್ಕದಲ್ಲಿದ್ದ ಸ್ಟೀಲ್ ಲೋಟವನ್ನು ಕಾಲಿನಿಂದ ಒದ್ದೆ. ಅವಳು ತಲೆಯೆತ್ತಿ, “ಮಮ್ಮಾ? ಮಮ್ಮಾ, ಆಪ್ ಠೀಕ್ ಹೋ?” ಎಂದವಳು ನನ್ನ ಮುಖ ನೋಡಿ, “ಅಜ್ಜೀ!” ಎಂದು ಚೀರಿದಳು.

ಅತ್ತೆ ಓಡಿ ಬಂದರು. ಹೊಸ್ತಿಲಲ್ಲಿ ನಿಲ್ಲುತ್ತಾರೆ ಎಂದುಕೊಂಡೆ. ಅಂಥ ಹೊತ್ತಿನಲ್ಲೂ ಅದನ್ನೇ ಯೋಚಿಸಿದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಅವರು ನಿಲ್ಲಲಿಲ್ಲ. ನನ್ನ ತೋಳಿನ ಕೆಳಗೆ ಕೈ ಹಾಕಿ ಎಬ್ಬಿಸಿ, ಮೈಗೆ ಮೈ ಆನಿಸಿಕೊಂಡು, ಬರಿಗಾಲಿನಲ್ಲಿ ಗೇಟಿನ ತನಕ ಎಳೆದುಕೊಂಡು ಹೋದರು. ಅನುಷಾ ಮುಂದೆ ಓಡಿ ಆಟೋ ನಿಲ್ಲಿಸಿದಳು. ದಾರಿಯುದ್ದಕ್ಕೂ ಅತ್ತೆ ನನ್ನ ಬೆನ್ನು ತಿಕ್ಕುತ್ತಾ, “ಬಿಡು ಉಸಿರು, ಬಿಡು, ಬಿಡೇ ನನ್ನವ್ವ” ಎನ್ನುತ್ತಿದ್ದರು. ಮುನಿರ್ಕಾದ ಹತ್ತಿರ ಕೆಂಪು ದೀಪಕ್ಕೆ ಆಟೋ ನಿಂತಾಗ, ಇಲ್ಲೇ ಮುಗಿಯಿತು ಎಂದುಕೊಂಡೆ. ನನ್ನ ಕಿವಿಗೆ ಮೀಟರಿನ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಒಂದು ಮಂಚಕ್ಕೆ ಇಬ್ಬರು. ಮುಖಕ್ಕೆ ನೆಬ್ಯುಲೈಸರಿನ ಮುಸುಕು ಹಾಕಿ, ಕೈಗೆ ಸೂಜಿ ಚುಚ್ಚಿದರು. ಆ ಹೊಗೆ ಒಳಗಿಳಿದು ಮೊದಲ ಸಲ ಉಸಿರು ಹೊರಗೆ ಬಂದಾಗ ಕಣ್ಣಲ್ಲಿ ನೀರು ಸುರಿಯಿತು. ನನ್ನ ಜೊತೆ ಮಂಚ ಹಂಚಿಕೊಂಡಿದ್ದ ಅಜ್ಜಿ ತನ್ನ ಶಾಲಿನ ಅರ್ಧವನ್ನು ನನ್ನ ಕಾಲಿನ ಮೇಲೆ ಎಳೆದಳು. ಯಾರೋ, ಯಾವ ಊರೋ.

ಏನು ಮಾಡುತ್ತಿದ್ದಾಗ ಹೀಗಾಯಿತು ಎಂದು ಡ್ಯೂಟಿ ಡಾಕ್ಟರ್ ಕೇಳಿದರು. ಅತ್ತೆಗೆ ಹಿಂದಿ ಬರದು. “ಬಿಸಿಲಲ್ಲೇ ಕೂರಿಸಿದ್ದೆ ಕಣಪ್ಪ, ನಾನೇ ಕೈಯಾರೆ ಮೆತ್ತೆ ಬಡಿದು ಬೆನ್ನಿಗೆ ಕೊಟ್ಟಿದ್ದೆ” ಎಂದು ಅಳುತ್ತಾ ಹೇಳಿದರು. ಅನುಷಾ ಅದನ್ನು, “ಧೂಪ್ ಮೇ ಬೈಠೀ ಥೀ” ಎಂದಷ್ಟೇ ದಾಟಿಸಿದಳು. ಹನ್ನೊಂದರ ಮಗುವಿಗೆ ಮೆತ್ತೆ ಯಾಕೆ ಮುಖ್ಯವೆನಿಸಬೇಕು? ಡಾಕ್ಟರ್ ಬರೆದುಕೊಂಡದ್ದು ಬಿಸಿಲೆಂದು ಮಾತ್ರ.

ಆಮೇಲೆ ನನ್ನನ್ನು ಅಲರ್ಜಿಯ ಡಾಕ್ಟರಮ್ಮನ ಬಳಿಗೆ ಕಳಿಸಿದರು. ಚರ್ಮಕ್ಕೆ ಚುಚ್ಚಿ ಪರೀಕ್ಷೆ ಮಾಡಬೇಕು, ಅದಕ್ಕೆ ಮೊದಲು ಒಂದು ವಾರ ಅಲರ್ಜಿ ಮಾತ್ರೆ ನಿಲ್ಲಿಸಬೇಕು ಎಂದರು ಆಕೆ. ಆ ಏಳು ದಿನವನ್ನು ನಾನು ಹೇಗೆ ಕಳೆದೆನೋ. ಇನ್ಹೇಲರ್ ಕತ್ತಿಗೆ ತೂಗುಹಾಕಿಕೊಂಡು, ಒಂದೇ ಕೋಣೆಯಲ್ಲಿ, ಎಲ್ಲರ ಮುಖ ನೋಡುತ್ತಾ ಕೂತೆ. ಅನುಷಾ ಶಾಲೆಯಿಂದ ಬಂದವಳೇ ಚೀಲ ಹೊತ್ತುಕೊಂಡೇ ನನ್ನ ಬಾಗಿಲಿಗೆ ಬಂದು ನಿಂತು, ನಾನು ಉಸಿರಾಡುವುದನ್ನು ನೋಡಿ ಹೋಗುತ್ತಿದ್ದಳು.

ಪರೀಕ್ಷೆಯ ದಿನ ನರ್ಸ್ ನನ್ನ ಎರಡೂ ಮುಂಗೈ ಮೇಲೆ ಪೆನ್ನಿನಿಂದ ಸಾಲಾಗಿ ಸಂಖ್ಯೆ ಬರೆದು, ಒಂದೊಂದರ ಪಕ್ಕ ಒಂದೊಂದು ಹನಿ ಬಿಟ್ಟು ಚುಚ್ಚಿದಳು. ಕೆರೆಯಬೇಡಿ ಎಂದಳು. ಹೊರಗಿನ ಬೆಂಚಿನ ಮೇಲೆ ನನ್ನಂಥವರೇ ಆರೇಳು ಜನ, ಎರಡೂ ಕೈ ಮುಂದೆ ಚಾಚಿ, ಬಳೆ ಏರಿಸಿಕೊಳ್ಳಲು ಬಂದವರ ಹಾಗೆ ಕೂತಿದ್ದೆವು. ಹೆಚ್ಚಿನ ಸಂಖ್ಯೆಗಳು ಸುಮ್ಮನಿದ್ದವು. ಹನ್ನೊಂದು ಸ್ವಲ್ಪ ಕೆಂಪಾಯಿತು. ಇಪ್ಪತ್ತಾರು ಮಾತ್ರ ಸೊಳ್ಳೆ ಕಚ್ಚಿದ ಹಾಗೆ ಎದ್ದು, ಅಗಲವಾಗಿ, ಬಾಲ ಬಿಟ್ಟುಕೊಂಡು ಊದಿತು. ಆ ಸಂಖ್ಯೆಯ ಹೆಸರು ಗೊತ್ತಾಗುವ ತನಕದ ಹತ್ತು ನಿಮಿಷ ನಾನು ಅದನ್ನೇ ನೋಡುತ್ತಾ ಕೂತೆ.

ಡಾಕ್ಟರಮ್ಮ ಪಟ್ಟಿ ನೋಡಿದರು. ಹನ್ನೊಂದು ಬೂಷ್ಟು. ಇಪ್ಪತ್ತಾರು ಬೂರುಗದ ಹತ್ತಿ. “ಮನೆಯಲ್ಲಿ ಇದರ ದಿಂಬು, ಹಾಸಿಗೆ ಏನಾದರೂ ಇದೆಯೇ?” ಎಂದರು.

ರಮೇಶ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಎಲ್ಲವನ್ನೂ ಕೇಳಿಸಿಕೊಂಡ ಡಾಕ್ಟರಮ್ಮ ಮೆತ್ತೆಯನ್ನೂ ಬೆತ್ತವನ್ನೂ ಇವತ್ತೇ ಹೊರಗೆ ಹಾಕಿ ಎಂದರು. ಹೊಸ ಕುರ್ಚಿಗೆ ಅವರು ಕೊಟ್ಟ ಸೂತ್ರವನ್ನು ಆಮೇಲೆ ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೊರಗೆ ಇಡುವ ಕುರ್ಚಿಯ ಮೇಲೆ ಒಂದು ಬಕೆಟ್ ನೀರು ಸುರಿಯಬೇಕು. ಅರ್ಧ ಗಂಟೆಯಲ್ಲಿ ಒಣಗಿದರೆ ಅದು ನಿಮ್ಮದು, ಒಣಗದಿದ್ದರೆ ಎಷ್ಟೇ ಚೆಂದವಿರಲಿ ಅದು ನಿಮ್ಮದಲ್ಲ.

ಬರುವಾಗ ಆಟೋದಲ್ಲಿ ರಮೇಶ್, “ಅಮ್ಮಂಗೆ ನಾನೇ ಹೇಳ್ತೀನಿ,” ಎಂದರು.

“ಬೇಡ ರೀ. ಆ ದಿನದಿಂದ ಅವರು ಸರಿಯಾಗಿ ಊಟಾನೇ ಮಾಡ್ತಿಲ್ಲ. ಈಗ ನಿಮ್ಮ ಕೈಯಿಂದಾನೇ ಆಯ್ತು ಅಂದ್ರೆ ತಡ್ಕೊತಾರಾ?”

“ಮತ್ತೆ ಏನಂತ ಹೇಳೋದು?”

“ಬೂಷ್ಟು ಅಂತ ಹೇಳಿ. ಅದೂ ಸುಳ್ಳಲ್ವಲ್ಲ.”

ಹಾಗೇ ಹೇಳಿದೆವು. ಬೆತ್ತದ ಕುರ್ಚಿಗಳನ್ನು ಹಳೇ ಸಾಮಾನು ಕೊಳ್ಳುವ ಕಬಾಡಿಯವನಿಗೆ ಕೊಟ್ಟೆವು. ಆರು ಮೆತ್ತೆಗಳನ್ನು ಎಸೆದರೆ ಅತ್ತೆ ಕೇಳುತ್ತಾರೆಂದು ರಮೇಶ್ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಿದರು. ನನ್ನ ಜೀವಕ್ಕಿಂತ ಅತ್ತೆಯ ಮನಸ್ಸು ದೊಡ್ಡದೆಂದು ನಾನೇನೋ ತ್ಯಾಗ ಮಾಡಿದ ಹಾಗೆ ಬೀಗಿದ್ದೆ. ಶುದ್ಧ ಹೇಡಿತನ ಅದು.

ಹಾಗೆ ಆ ಅಂಗಡಿಗೆ ಹೋದದ್ದು. ಹೊಸ ಬೆತ್ತದ ಸೆಟ್ ತೋರಿಸಿದ, ಬೇಡ. ಸಾಗುವಾನಿ ಬೆಂಚಿನ ಪಾಲಿಶ್ ವಾಸನೆಗೆ ನಾಲ್ಕು ಹೆಜ್ಜೆ ದೂರದಲ್ಲೇ ಕೆಮ್ಮು ಬಂತು. ಸಣಬಿನ ಹುರಿಯ ಮಂಚ ನೋಡಿದರೆ ಸಾಕು, ಅದರ ಗಂಟುಗಂಟಿನಲ್ಲಿ ಧೂಳು. ಪ್ಲಾಸ್ಟಿಕ್ ಕುರ್ಚಿ ಆಗಬಹುದಿತ್ತು, ಆದರೆ ಸ್ಥೂಲಕಾಯದ ಅತ್ತೆ ಹಿಂದೊಮ್ಮೆ ಅಂಥದರಲ್ಲಿ ಕೂತು, ಕುರ್ಚಿಯ ಕಾಲು ಮುರಿದು ಬಿದ್ದು, ಸೊಂಟ ಹಿಡಿದುಕೊಂಡು ತಿಂಗಳು ಮಲಗಿದ್ದರು. ಕಬ್ಬಿಣದ ಪಟ್ಟಿಯ ಕುರ್ಚಿ ಸರಿ ಎನಿಸಿತು. ಅದಕ್ಕೆ ಬಳಿದ ಹೊಸ ಪೇಂಟಿಗೆ ಎದೆಯಲ್ಲಿ ಸಣ್ಣಗೆ ಸಿಳ್ಳೆ ಎದ್ದಿತು. ರಮೇಶ್ ಇನ್ಹೇಲರ್ ಮುಂದೆ ಹಿಡಿದರು.

ಅಂಗಡಿಯವನು ಆಗ ಅರ್ಥ ಮಾಡಿಕೊಂಡ. “ದಮಾ ಹೈ?” ಎಂದ. ತನ್ನ ತಾಯಿಗೂ ಉಬ್ಬಸ ಇತ್ತು ಎಂದ. ಒಂದು ಸ್ಟೂಲ್ ತಂದು ಫುಟ್‌ಪಾತಿನಲ್ಲಿ, ಪಾಲಿಶ್ ವಾಸನೆ ಬಾರದ ಕಡೆ ಹಾಕಿ ನನ್ನನ್ನು ಕೂರಿಸಿದ. ಆಮೇಲೆ ಅಂಗಡಿಯ ಹಿಂದಿನಿಂದ ಎರಡು ಹಳೆಯ ಕಬ್ಬಿಣದ ಕುರ್ಚಿ ಎಳೆದು ತಂದ. ಎರಡು ಮಳೆಗಾಲ ಹೊರಗೇ ನಿಂತು ಬಣ್ಣ ಮಾಸಿದ್ದರಿಂದ ಯಾರೂ ಕೊಂಡಿರಲಿಲ್ಲವಂತೆ. ಪೈಪಿನಿಂದ ನೀರು ಬಿಟ್ಟು ತೊಳೆದ. ನಾನು ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷದಲ್ಲಿ ಒಣಗಿದವು. ಮೂಸಿದೆ. ಏನೂ ಇಲ್ಲ, ಬರೀ ಕಬ್ಬಿಣ.

ಮರುದಿನ ಶನಿವಾರ. ಮಧ್ಯಾಹ್ನ ಬಿಸಿಲು ಬಂದ ಮೇಲೆ, ಮೂರು ವಾರದ ನಂತರ ಮೊದಲ ಸಲ ಹಿಂದಿನ ಬಾಗಿಲು ತೆಗೆದು ಅಂಗಳಕ್ಕೆ ಕಾಲಿಟ್ಟೆ. ಎರಡೂ ಕಬ್ಬಿಣದ ಕುರ್ಚಿಯ ಮೇಲೆ ಬೂರುಗದ ಮೆತ್ತೆಗಳಿದ್ದವು. ಕೂರಲಿಕ್ಕೊಂದು, ಬೆನ್ನಿಗೊಂದು. ಅತ್ತೆ ಮೂರನೆಯದನ್ನು ಬಡಿಯಲು ಕೈ ಎತ್ತಿದ್ದರು.

“ಅಟ್ಟದ ಮೇಲೆ ಯಾಕೆ ಹಾಕಿದ್ರೋ, ಒಳ್ಳೇ ಮೆತ್ತೇನ. ಕಬ್ಬಿಣ ಕೊರೆಯುತ್ತೆ ಕಣೇ, ಬಾ ಕೂತ್ಕೋ.”

ಬಾಗಿಲ ಚೌಕಟ್ಟು ಹಿಡಿದು ನಿಂತೆ. ಈಗಲಾದರೂ ಹೇಳು, ಹೇಳು ಎಂದು ಮನಸ್ಸು ಒದ್ದಾಡುತ್ತಿತ್ತು, ಗಂಟಲು ಆಗಲೇ ತುರಿಸಲು ತೊಡಗಿತ್ತು. ನನ್ನ ಹಿಂದಿನಿಂದ ಅನುಷಾ ನುಗ್ಗಿ ಬಂದಳು.

“ಅಜ್ಜಿ, ಮತ್ ಕರೋ! ಬಡೀಬೇಡಿ! ಮಮ್ಮಾಗೆ ಅದ್ರಿಂದಾನೇ ಆಗೋದು. ಡಾಕ್ಟರ್ ನೇ ಬೋಲಾ. ಪಪ್ಪಾ ನಿಮಗೆ ಹೇಳಬಾರ್ದು ಅಂದ್ರು.”

ಅತ್ತೆಯ ಎತ್ತಿದ ಕೈ ಹಾಗೇ ನಿಂತಿತು. ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ, ಹೌದೆಂದು. ಅವರು ಮೆತ್ತೆಯನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಳಿಸುವ ಹಾಗೆ ಕೆಳಗಿಟ್ಟು ಒಳಗೆ ಹೋದರು. ಆ ದಿನ ಊಟಕ್ಕೆ ಬರಲಿಲ್ಲ. ರಮೇಶ್ ಬಾಗಿಲ ಬಳಿ ನಿಂತು “ಅಮ್ಮಾ” ಎಂದು ಕರೆದದ್ದಕ್ಕೆ, “ನನ್ನ ಕೈಯಾರೆ ಆಯ್ತಲ್ಲೋ” ಎಂದಷ್ಟೇ ಉತ್ತರ ಬಂತು. ನಾನು ಹೋಗಿ ಏನೇನೋ ಹೇಳಬೇಕೆಂದು ಎರಡು ಸಲ ಎದ್ದೆ, ಎರಡು ಸಲವೂ ಕೂತೆ.

ಭಾನುವಾರ ಬೆಳಿಗ್ಗೆ ಹಿಂದಿನ ಅಂಗಳದಲ್ಲಿ ನೀರು ಸುರಿಯುವ ಸದ್ದು ಕೇಳಿತು. ಕಿಟಕಿಯಿಂದ ನೋಡಿದೆ. ಮೆತ್ತೆಗಳು ಇರಲಿಲ್ಲ. ಅತ್ತೆ ಬಾಯಿಗೆ ಮೂಗಿಗೆ ಸೆರಗು ಕಟ್ಟಿಕೊಂಡು ಎಲ್ಲವನ್ನೂ ಹೊತ್ತು ಓಣಿಯಾಚೆಯ ಕಸದ ತೊಟ್ಟಿಗೆ ಹಾಕಿ ಬಂದಿದ್ದರಂತೆ. ಮೆತ್ತೆಗಳ ಜೊತೆಗೆ ತಮ್ಮ ಬೂರುಗದ ಹಾಸಿಗೆಯನ್ನೂ, ದಿಂಬನ್ನೂ. ಚನ್ನರಾಯಪಟ್ಟಣದಿಂದ ಟ್ರೈನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ದಿಂಬು ಅದು, ಅವರ ತಾಯಿ ಮದುವೆಯಲ್ಲಿ ಕೊಟ್ಟದ್ದು. ಈಗ ಸ್ನಾನ ಮುಗಿಸಿ, ಮಡಿಸೀರೆಯುಟ್ಟು, ಕಬ್ಬಿಣದ ಕುರ್ಚಿಗಳ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿದು, ಪಟ್ಟಿ ಪಟ್ಟಿಯ ಸಂದಿಗೂ ಬಟ್ಟೆ ತೂರಿಸಿ ಒರೆಸುತ್ತಿದ್ದರು.

ಅನುಷಾ ಹತ್ತಿರ ಹೋದಳು. “ದೂರ, ದೂರ!” ಎಂದರು ಅತ್ತೆ. “ಆ ಉಣ್ಣೆ ಸ್ವೆಟರ್ ಹಾಕ್ಕೊಂಡು ಮುಟ್ಟಬೇಡ. ಈ ಕುರ್ಚಿ ಇನ್ಮೇಲೆ ಮಡಿ. ಹೊರಗಿಂದ ಬಂದ ಬಟ್ಟೇಲಿ ಯಾರೂ ಕೂರಬಾರ್ದು. ನಿಮ್ಮಪ್ಪಂಗೂ ಹೇಳು.”

ಹದಿನಾಲ್ಕು ವರ್ಷ ನನ್ನನ್ನು ಸಿಡುಕಿಸಿದ ಮಾತು. ಕಿಟಕಿಯ ಸರಳು ಹಿಡಿದು ಅತ್ತುಬಿಟ್ಟೆ.

ಈಗಲೂ ನಾನು ಡೆಲ್ಲಿಯಲ್ಲೇ ಇದ್ದೇನೆ. ಉಬ್ಬಸ ಪೂರ್ತಿ ಹೋಗಿಲ್ಲ, ಇನ್ಹೇಲರ್ ಕೈಚೀಲದಲ್ಲಿರುತ್ತದೆ, ನವೆಂಬರ್ ಬಂದರೆ ಭಯವಾಗುತ್ತದೆ. ರಮೇಶರ ವರ್ಗದ ಅರ್ಜಿ ಡ್ರಾಯರಿನಲ್ಲೇ ಹಳದಿಯಾಗಿದೆ. ಆದರೆ ನಾನು ಹೇಳಬೇಕೆಂದಿದ್ದು ಆ ಭಾನುವಾರದ ಮಧ್ಯಾಹ್ನದ ಮಾತು.

ಕುರ್ಚಿ ಒಣಗಿತ್ತು. ನಾನು ಒಗೆದ ಹತ್ತಿಯ ಸೀರೆಯುಟ್ಟು ಹೋಗಿ ಕೂತೆ. ಕಬ್ಬಿಣ ನಿಜಕ್ಕೂ ಕೊರೆಯುತ್ತಿತ್ತು. ಐದು ನಿಮಿಷ. ಹತ್ತು. ಇಡೀ ಮನೆ ಉಸಿರು ಬಿಗಿಹಿಡಿದಿತ್ತು. ಅತ್ತೆ ದೂರದ ಮೆಟ್ಟಿಲ ಮೇಲೆ, ನಾಲ್ಕು ಮೊಳದಾಚೆ ಕೂತು ನನ್ನ ಎದೆಯನ್ನೇ ನೋಡುತ್ತಿದ್ದರು.

“ಇಲ್ಲಿ ಬನ್ನಿ ಅತ್ತೆ. ಇನ್ನೊಂದು ಕುರ್ಚಿ ಇದೆಯಲ್ಲ,” ಎಂದೆ.

“ಬೇಡ ಕಣೇ. ಬೆಳಿಗ್ಗೆ ಅಷ್ಟು ಹತ್ತಿ ಹೊತ್ತಿದೀನಿ. ತಲೆಗೂದಲಲ್ಲಿ ಇನ್ನೂ ಎಲ್ಲಾದ್ರೂ ಇರುತ್ತೆ. ನಾನು ಮೈಲಿಗೆ.”

ನಾನು ಏನು ಹೇಳಿದರೂ ಕೇಳಲಿಲ್ಲ. ಎದ್ದು ಒಳಗೆ ಹೋದರು. ಬಚ್ಚಲಿನಲ್ಲಿ ಮತ್ತೆ ನೀರಿನ ಸದ್ದು, ಚೊಂಬಿನ ಮೇಲೆ ಚೊಂಬು. ಆ ಚಳಿಯಲ್ಲಿ ತಲೆಗೆ ಎರಡನೆಯ ಸ್ನಾನ. ಬಿಳಿಕೂದಲಿನಿಂದ ನೀರು ತೊಟ್ಟಿಕ್ಕಿಸುತ್ತಾ, ತುಟಿ ನಡುಗಿಸುತ್ತಾ ಬಂದು, ಪಕ್ಕದ ಕುರ್ಚಿಯಲ್ಲಿ, ಅವರ ಮೊಣಕೈ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತರು. ಉಸಿರಿನ ಬಲ ಅಳೆಯಲು ಡಾಕ್ಟರಮ್ಮ ಕೊಟ್ಟಿದ್ದ ಕೊಳವೆಯನ್ನು ನನ್ನ ಕೈಗಿಟ್ಟರು.

“ಊದು,” ಎಂದರು.

ಊದಿದೆ. ಆಸ್ಪತ್ರೆಯಲ್ಲಿ ನೂರೈವತ್ತು ದಾಟದಿದ್ದ ಮುಳ್ಳು ಮುನ್ನೂರರ ಗೆರೆಯ ಮೇಲೆ ಹೋಗಿ ನಿಂತಿತು. ಅತ್ತೆ ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ನೋಡಿ, ನಂಬಿಕೆ ಬಾರದೆ, “ಇನ್ನೊಂದು ಸಲ ಊದು” ಎಂದರು.